ಪೆಟ್ಟಿಗೆಯಲ್ಲಿರುವ ಉಣ್ಣೆ ಯಾರದು?

ಆಗಮನ ಕಾಲದ ನಾಲ್ಕು ವಾರಗಳಿಗೆ ಒಂದು ಕುಟುಂಬ ಪಾಠ



ಹೆಣಿಗೆ ಬಲ್ಲವರ ಮನೆಯಲ್ಲಿ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಅದು ಮಂಚದ ಕೆಳಗಿರಬಹುದು, ಅಟ್ಟದ ಮೇಲಿರಬಹುದು, ಬೀರುವಿನ ಕೊನೆಯ ಖಾನೆಯಲ್ಲಿರಬಹುದು. ತೆರೆದು ನೋಡಿದರೆ ಅರ್ಧಕ್ಕೆ ನಿಂತ ಸ್ವೆಟರಿನ ಬೆನ್ನು, ಮದುವೆಯಾಗಿ ಹೋದ ಮಗಳಿಗೆ ಹೆಣೆದಾಗ ಉಳಿದ ಗುಲಾಬಿ ಉಂಡೆ, ಯಾರೋ ಊರಿಂದ ತಂದುಕೊಟ್ಟ ಬಿಳಿ ಉಣ್ಣೆ, ಒಂಟಿ ಕಡ್ಡಿ, ಜೊತೆ ತಪ್ಪಿದ ಗುಂಡಿಗಳು. "ಯಾವತ್ತಾದರೂ ಬೇಕಾಗುತ್ತದೆ" ಎಂದು ಇಟ್ಟದ್ದು. ಆ ಯಾವತ್ತೋ ಒಂದು ದಿನ ಬರುವುದೇ ಇಲ್ಲ. ವರ್ಷ ವರ್ಷ ಚಳಿ ಬಂದು ಹೋಗುತ್ತದೆ, ಪೆಟ್ಟಿಗೆ ಮಾತ್ರ ಭಾರವಾಗುತ್ತಾ ಹೋಗುತ್ತದೆ.

ಇದು ಮನೆ ಅಚ್ಚುಕಟ್ಟಾಗಿಡುವ ವಿಷಯವಷ್ಟೇ ಎಂದು ನಿಮಗನಿಸಬಹುದು. ಅಷ್ಟೇ ಅಲ್ಲ. ಬಟ್ಟೆಯಾಗಬಹುದಾದ ವಸ್ತುವೊಂದು ಕತ್ತಲಲ್ಲಿ ಕುಳಿತಿದೆ. ಬಟ್ಟೆ ಇಲ್ಲದವರು ಹೊರಗೆ ಇದ್ದಾರೆ. ಈ ಎರಡು ಸಂಗತಿಗಳ ನಡುವಿನ ದೂರವನ್ನು ಕ್ರಿಸ್ತಜಯಂತಿಗೆ ಮುನ್ನ ಸ್ವಲ್ಪವಾದರೂ ಕಡಿಮೆ ಮಾಡುವುದು ಹೇಗೆ ಎಂಬುದೇ ಈ ಪಾಠದ ವಿಷಯ. ಆಗಮನ ಕಾಲಕ್ಕೆ ನಾಲ್ಕು ಭಾನುವಾರಗಳಿವೆ. ಕೆಲಸವನ್ನೂ ನಾಲ್ಕು ಭಾಗ ಮಾಡಿಕೊಳ್ಳೋಣ.

ನೂಲಿನ ಸೀಮೆಯಲ್ಲಿ ನಾವು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ವಾಸಿಸುವ ನಮಗೆ ನೂಲಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಈ ಮೂಡಣ ಅಂಚಿನಲ್ಲಿ ನಮ್ಮ ಕುಟುಂಬಗಳು ಕಡಿಮೆ, ಮಳೆ ಇನ್ನೂ ಕಡಿಮೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ನೆಲ ಶೇಂಗಾ ಕೊಟ್ಟಿತು, ಎಣ್ಣೆ ಗಿರಣಿಗಳು ಬಂದವು. ಬಯಲು ಕುರಿಗಳನ್ನು ಸಾಕಿತು, ಕಂಬಳಿ ಮಗ್ಗಗಳು ಹುಟ್ಟಿದವು.

ಕಂಬಳಿಯ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿರಿ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ, ಬಣ್ಣ ಕಪ್ಪು ಅಥವಾ ಕಂದು. ಉಣ್ಣೆ ಕತ್ತರಿಸಿ, ಬಿಡಿಸಿ, ಹಿಂಜಿ ಕೊಟ್ಟರೆ ಹೆಂಗಸರು ಚರಕದಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸುತ್ತಾರೆ. ಅದರಿಂದ ಎಳೆಗೆ ಬಲ ಬರುತ್ತದೆ. ಆಮೇಲೆ ಗುಂಡಿಮಗ್ಗದಲ್ಲಿ ಕುಳಿತು ನೇಯುವುದು. ಹೀಗೆ ಬಂದ ಕಂಬಳಿ ಕುರಿಗಾಹಿಗೆ ಹಾಸಿಗೆ, ಹೊದಿಕೆ, ಮಳೆಯಲ್ಲಿ ಗೊಪ್ಪೆ, ಹಬ್ಬದಲ್ಲಿ ಗದ್ದುಗೆ.

ಮೊಳಕಾಲ್ಮುರಿನ ಕಡೆ ಹೊರಳಿದರೆ ಅದೇ ಬಿಸಿಲಿನ ಕೆಳಗೆ ರೇಷ್ಮೆ. ಹೂವು, ಹಣ್ಣು, ಪ್ರಾಣಿಗಳ ಚಿತ್ತಾರವಿರುವ ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಒಂದು ಹಾಸು ಮುಗಿದ ಮೇಲೆ ಮಗ್ಗದಲ್ಲಿ ಉಳಿಯುವ ಗೇಣುದ್ದದ ಎಳೆಗಳನ್ನೂ ನೇಕಾರರ ಮನೆಯವರು ಸುಮ್ಮನೆ ಗುಡಿಸಿ ಹಾಕುವುದಿಲ್ಲ. ಎಳೆ ಎಷ್ಟು ಬೆವರಿನಿಂದ ಬಂತು ಎಂದು ಬಲ್ಲ ಕೈ ಅದನ್ನು ಬಿಸಾಡಲಾರದು.

ಅಂಗಡಿಯಿಂದ ಉಣ್ಣೆ ಕೊಂಡು ಹೆಣೆಯುವ ನಾವು ಈ ನೆರೆಯವರಿಂದ ಕಲಿಯಬೇಕಾದ ಮೊದಲ ಪಾಠ ಇದು: ನೂಲು ಎಂದರೆ ಕೂಡಿಡುವ ಸೊತ್ತಲ್ಲ, ಮುಗಿಸಬೇಕಾದ ಕೆಲಸ.

ದೇವರ ವಾಕ್ಯದಲ್ಲಿ ನೂಲು

ಜ್ಞಾನೋಕ್ತಿಗಳ 31ನೆಯ ಅಧ್ಯಾಯ ಗುಣವತಿಯಾದ ಸ್ತ್ರೀಯನ್ನು ಹೊಗಳುತ್ತದೆ. ಅವಳು ಉಣ್ಣೆಯನ್ನೂ ನಾರನ್ನೂ ಹುಡುಕಿ ತಂದು ಮನಸ್ಸಿಟ್ಟು ದುಡಿಯುತ್ತಾಳೆ. ಅಲ್ಲಿ 19ನೆಯ ವಚನ ಅವಳ ಕೈ ಕದಿರನ್ನು ಹಿಡಿದದ್ದನ್ನು ಹೇಳುತ್ತದೆ. ಅದರ ಬೆನ್ನಿಗೇ 20ನೆಯ ವಚನ ಅದೇ ಕೈ ಬಡವರ ಕಡೆ ಚಾಚಿದ್ದನ್ನು ಹೇಳುತ್ತದೆ. ನಡುವೆ ಪೆಟ್ಟಿಗೆಯ ಮಾತೇ ಇಲ್ಲ. ನೂಲುವ ಕೈಗೂ ಕೊಡುವ ಕೈಗೂ ಅಂತರವಿಲ್ಲ ಎಂಬುದನ್ನು ಗಮನಿಸಿರಿ.

ಪ್ರೇಷಿತರ ಕಾರ್ಯಕಲಾಪಗಳು 9ನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾಳ ಕಥೆ ಇದೆ. ಅವಳು ತೀರಿಕೊಂಡಾಗ ಸಂತ ಪೇತ್ರರನ್ನು ಕರೆತಂದರು. ಅವರ ಸುತ್ತ ನಿಂತ ವಿಧವೆಯರು ಅಳುತ್ತಾ, ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿ, ಮೇಲಂಗಿಗಳನ್ನು ತೋರಿಸಿದರು. ಅವಳ ಬಗ್ಗೆ ಅವರು ಕೊಟ್ಟ ಸಾಕ್ಷಿ ಅದೇ. ಅವಳ ಮನೆಯಲ್ಲಿ ಎಷ್ಟು ನೂಲು ಉಳಿದಿತ್ತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಮತ್ತಾಯನ ಶುಭಸಂದೇಶ 6:19-20ರಲ್ಲಿ ಪ್ರಭು ಯೇಸು ನುಸಿ, ತುಕ್ಕು ಹಿಡಿಯುವ ಸಂಪತ್ತನ್ನು ಕೂಡಿಡಬೇಡಿ ಎನ್ನುತ್ತಾರೆ. ಆ ಕಾಲದಲ್ಲಿ ಉಣ್ಣೆ ಬಟ್ಟೆಯೇ ಒಂದು ಆಸ್ತಿ. ಹಾಗಾಗಿ ನುಸಿಯ ಮಾತು ಕೇಳುಗರಿಗೆ ಬರಿಯ ಉಪಮೆಯಾಗಿರಲಿಲ್ಲ, ದಿನನಿತ್ಯದ ನಷ್ಟವಾಗಿತ್ತು. 4ನೆಯ ಶತಮಾನದ ಧರ್ಮಾಧ್ಯಕ್ಷ ಸಂತ ಬೆಸಿಲರು ಇನ್ನೂ ನೇರವಾಗಿ ಬೋಧಿಸಿದರು: ಉಡದೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಇಲ್ಲದವನಿಗೆ ಸೇರಿದ್ದು ಎಂಬುದು ಅವರ ಬೋಧನೆಯ ಸಾರ. ಅದು ದಾನದ ಮಾತಲ್ಲ, ನ್ಯಾಯದ ಮಾತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿ, ಮನೆಯೊಳಗಿನ ಸಣ್ಣ ಸಣ್ಣ ಅಭ್ಯಾಸಗಳಿಗೂ ಬೆಲೆ ಇದೆ ಎಂದು ನೆನಪಿಸಿತು. ಕೂಡಿಟ್ಟು ಹಾಳು ಮಾಡುವುದೂ ಬಿಸಾಡುವುದರ ಇನ್ನೊಂದು ರೂಪವೇ.

ಮೊದಲನೆಯ ವಾರ: ಬಿಚ್ಚಿ ನೋಡುವುದು

ಮನೆಯಲ್ಲಿರುವ ನೂಲನ್ನೆಲ್ಲ ಒಂದೇ ದಿನ, ಒಂದೇ ಕಡೆ ಹೊರಗೆ ತೆಗೆಯಿರಿ. ಒಂದು ಪೆಟ್ಟಿಗೆ ಇಂದು, ಇನ್ನೊಂದು ಮುಂದಿನ ತಿಂಗಳು ಎಂದರೆ ಲೆಕ್ಕ ಸಿಗುವುದಿಲ್ಲ. ಅಂಗಳದಲ್ಲಿ ಹಳೆಯ ಸೀರೆ ಹಾಸಿ, ಎಲ್ಲವನ್ನೂ ಕೊಡವಿ, ಬೆಳಗಿನ ಬಿಸಿಲಿಗೆ ಹರಡಿರಿ. ನಮ್ಮ ಸೀಮೆಯ ಬಿಸಿಲು ಈ ವಿಷಯದಲ್ಲಿ ವರವೇ ಸರಿ. ಗಾಢ ಬಣ್ಣದ ರೇಷ್ಮೆ ಮತ್ತು ಉಣ್ಣೆಯನ್ನು ಮಾತ್ರ ಹೆಚ್ಚು ಹೊತ್ತು ಬಿಡಬೇಡಿ, ಬಣ್ಣ ಮಾಸುತ್ತದೆ.

ನುಸಿಯ ಗುರುತು ಹುಡುಕಿರಿ. ಹಾರುವ ಸಣ್ಣ ಪತಂಗ ಉಣ್ಣೆಯನ್ನು ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಹೊರಬಂದ ಹುಳು ತಿನ್ನುತ್ತದೆ. ಎಳೆ ಅಲ್ಲಲ್ಲಿ ತುಂಡಾಗಿದ್ದರೆ, ಬಲೆಯಂಥ ನವಿರು ಗೂಡು ಅಂಟಿದ್ದರೆ, ಮರಳಿನ ಕಣದಂಥ ಹಿಕ್ಕೆ ಉದುರಿದರೆ ಹುಳು ಇದೆ ಎಂದು ತಿಳಿಯಿರಿ. ಅದು ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುತ್ತದೆ. ಶುದ್ಧ ಹತ್ತಿ ಮತ್ತು ಅಕ್ರಿಲಿಕ್ ಅದಕ್ಕೆ ಆಹಾರವಲ್ಲ. ಹುಳು ಬಿದ್ದ ಉಂಡೆಯನ್ನು ಬೇರೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ ಇದ್ದವರು ಮಂಜುಗಡ್ಡೆಯ ಖಾನೆಯಲ್ಲಿ ಮೂರು ನಾಲ್ಕು ದಿನ ಇಡಬಹುದು. ಅತಿಯಾಗಿ ಹಾಳಾದದ್ದನ್ನು ಮೋಹವಿಲ್ಲದೆ ಹೊರಗೆ ಹಾಕಿರಿ.

ಇನ್ನು ವಿಂಗಡಣೆ. ಚೀಟಿ ಕಳೆದುಹೋದ ನೂಲು ಯಾವುದೆಂದು ತಿಳಿಯಲು ಹಳೆಯ ಉಪಾಯವೊಂದಿದೆ. ಬೆರಳುದ್ದದ ಎಳೆಯನ್ನು ಇಕ್ಕುಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ತುದಿಗೆ ಬೆಂಕಿ ತಾಗಿಸಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟಂತೆ ಕಂಡರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಅಂಥ ಕೃತಕ ನೂಲು. ಮಕ್ಕಳನ್ನು ದೂರವಿಟ್ಟು ದೊಡ್ಡವರೇ ಈ ಪರೀಕ್ಷೆ ಮಾಡಬೇಕು.

ಈ ಪರೀಕ್ಷೆ ಏಕೆ ಮುಖ್ಯ? ಯಾವ ನೂಲು ಯಾವ ಕೆಲಸಕ್ಕೆ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಕರಗುವ ನೂಲಿನಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೆಣೆಯಲೇಬಾರದು. ಅದು ಕರಗಿ ಕೈಗೆ ಅಂಟಿ ಸುಡುತ್ತದೆ. ಅದಕ್ಕೆ ಉಣ್ಣೆ ಅಥವಾ ದಪ್ಪ ಹತ್ತಿಯೇ ತಕ್ಕದ್ದು.

ನೂಲಿನ ಜಾತಿ ತಿಳಿದ ಮೇಲೆ ದಪ್ಪ ನೋಡಿ: ಎರಡೆಳೆ, ಮೂರೆಳೆ, ನಾಲ್ಕೆಳೆ. ಅನುಮಾನವಿದ್ದರೆ ಅಳತೆಪಟ್ಟಿಯ ಮೇಲೆ ಒತ್ತಡವಿಲ್ಲದೆ ಪಕ್ಕಪಕ್ಕಕ್ಕೆ ಸುತ್ತಿ, 2 ಸೆಂಟಿಮೀಟರಿನಲ್ಲಿ ಎಷ್ಟು ಸುತ್ತು ಕೂರುತ್ತದೆಂದು ಎಣಿಸಿರಿ. ಒಂದೇ ಎಣಿಕೆ ಬಂದ ನೂಲುಗಳನ್ನು ಬಣ್ಣ ಬೇರೆಯಾದರೂ ಒಂದೇ ಹೆಣಿಗೆಯಲ್ಲಿ ಸೇರಿಸಬಹುದು. ಕೊನೆಗೆ ತೂಕ. ಪ್ರತಿ ಚೀಲದ ಮೇಲೆ ಚೀಟಿ ಅಂಟಿಸಿ: ಜಾತಿ, ದಪ್ಪ, ಗ್ರಾಂ. ಇಷ್ಟಾದರೆ ಮೊದಲ ವಾರದ ಕೆಲಸ ಮುಗಿಯಿತು.

ಎರಡನೆಯ ವಾರ: ಮನೆಯಲ್ಲೊಂದು ಮೂಲೆ

ಹೆಣಿಗೆಗೆ ಪ್ರತ್ಯೇಕ ಕೋಣೆ ಬೇಕಾಗಿಲ್ಲ. ಒಂದು ಕುರ್ಚಿಯ ಜಾಗ ಸಾಕು. ಆದರೆ ಆ ಜಾಗ ಖಚಿತವಾಗಿರಬೇಕು. ಮನೆಯಲ್ಲಿ ಗಂಡಸಿನ ಲೆಕ್ಕದ ಪುಸ್ತಕಕ್ಕೆ ಸ್ಥಳವಿರುತ್ತದೆ, ಮಕ್ಕಳ ಶಾಲೆಯ ಚೀಲಕ್ಕೆ ಮೊಳೆ ಇರುತ್ತದೆ. ತಾಯಿಯ ಕೆಲಸಕ್ಕೆ ಮಾತ್ರ ಸಿಕ್ಕ ಕಡೆ ಜಾಗ, ಸಿಕ್ಕಾಗ ಸಮಯ. ಅರ್ಧಕ್ಕೆ ನಿಂತ ಸ್ವೆಟರುಗಳಲ್ಲಿ ಎಷ್ಟೋ ನಿಂತದ್ದು ಸೋಮಾರಿತನದಿಂದಲ್ಲ. ಪ್ರತಿ ಸಲ ಪೆಟ್ಟಿಗೆ ಎಳೆದು, ಹುಡುಕಿ, ಮತ್ತೆ ಒಳಗಿಡುವ ಬೇಸರದಿಂದ. ಆದ್ದರಿಂದ ಈ ವಾರದ ಕೆಲಸದಲ್ಲಿ ಮನೆಯ ಯಜಮಾನರೂ ಮಕ್ಕಳೂ ಕೈಜೋಡಿಸಲಿ. ಒಂದು ಹಲಗೆ ಹೊಡೆದುಕೊಟ್ಟರೂ ಅದು ಗೌರವ ಸಲ್ಲಿಸಿದಂತೆಯೇ.

ಜಾಗ ಆರಿಸುವಾಗ ಈ ಅಂಶಗಳನ್ನು ನೆನಪಿಡಿ.

ಬೆಳಕು ಕೈಯ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಕಿಟಕಿಯನ್ನು ಪಕ್ಕಕ್ಕೆ ಮಾಡಿಕೊಂಡು ಕೂರಿರಿ. ಕಪ್ಪು, ಕಡುನೀಲಿ ಹೆಣಿಗೆಯನ್ನು ಹಗಲಿನಲ್ಲೂ ತಿಳಿ ಬಣ್ಣದ್ದನ್ನು ದೀಪದಲ್ಲೂ ಮಾಡಿರಿ.

ಕುರ್ಚಿಗೆ ನೆಟ್ಟಗಿನ ಬೆನ್ನು ಇರಲಿ, ಪಾದ ನೆಲಕ್ಕೆ ತಾಗಲಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ, ಕುತ್ತಿಗೆ ಸಡಿಲಿಸಿರಿ. ಬೆರಳು ಮರಗಟ್ಟಿದರೆ ಅಂದಿಗೆ ನಿಲ್ಲಿಸಿರಿ.

ಅಡುಗೆಮನೆಯಿಂದ ದೂರವಿರಲಿ. ಒಗ್ಗರಣೆಯ ಜಿಡ್ಡು, ಹೊಗೆ ಉಣ್ಣೆಗೆ ಬೇಗ ಹತ್ತುತ್ತದೆ. ಜಿಡ್ಡು ಹತ್ತಿದ ಉಣ್ಣೆಗೆ ಹುಳು ಬೇಗ ಬೀಳುತ್ತದೆ.

ನಮ್ಮ ಕಡೆ ದೊಡ್ಡ ಶತ್ರು ಧೂಳು, ಅದರ ನಂತರ ಇಲಿ. ಮುಚ್ಚಳ ಬಿಗಿಯಾಗಿರುವ ಡಬ್ಬಿಗಳೇ ಉತ್ತಮ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ, ಎಣ್ಣೆ ವಾಸನೆ ಹೋಗುವಂತೆ ತೊಳೆದು ಒಣಗಿಸಿದ ಡಬ್ಬಿ ಯಾವುದಾದರೂ ಆದೀತು. ಒಂದು ಜಾತಿಗೆ ಒಂದು ಡಬ್ಬಿ. ಸದ್ಯ ಕೈಯಲ್ಲಿರುವ ಕೆಲಸಕ್ಕೆ ಮಾತ್ರ ಒಂದು ಬೆತ್ತದ ಬುಟ್ಟಿ. ಬುಟ್ಟಿಯಲ್ಲಿ ಒಮ್ಮೆಗೆ ಒಂದೇ ಕೆಲಸ ಎಂಬ ನಿಯಮ ಮಾಡಿಕೊಂಡರೆ ಅರ್ಧಕ್ಕೆ ನಿಲ್ಲುವ ರೋಗ ತಾನಾಗಿ ವಾಸಿಯಾಗುತ್ತದೆ.

ಕಡ್ಡಿಗಳನ್ನು ಅಳತೆಯ ಪ್ರಕಾರ ಬಟ್ಟೆಯ ಸುರುಳಿಯಲ್ಲಿ ಜೋಡಿಸಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ತೂಗುಹಾಕಿರಿ. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೆಯ ಅಳತೆಯಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣದು: 8ನೆಯ ನಂಬರು 4 ಮಿಲಿಮೀಟರ್, 10ನೆಯ ನಂಬರು 3.25 ಮಿಲಿಮೀಟರ್. ಹೊಸ ಪುಸ್ತಕಗಳು ಮಿಲಿಮೀಟರಿನಲ್ಲಿ ಹೇಳುತ್ತವೆ. ಎರಡನ್ನೂ ಸುರುಳಿಯ ಮೇಲೆ ಬರೆದಿಡಿ.

ಹುಳು ಬಾರದಿರಲು ಒಣಗಿದ ಬೇವಿನ ಎಲೆಯನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿಡುವ ರೂಢಿ ಒಳ್ಳೆಯದೇ. ಆದರೆ ಅದನ್ನೇ ನಂಬಿ ಕೂರಬೇಡಿ. ನಿಜವಾದ ರಕ್ಷಣೆ ಎಂದರೆ ತೊಳೆದು ಒಣಗಿಸಿ ಇಡುವುದು ಮತ್ತು ಮೂರು ತಿಂಗಳಿಗೊಮ್ಮೆ ಕೊಡವಿ ಬಿಸಿಲು ತೋರಿಸುವುದು. ನ್ಯಾಫ್ತಲಿನ್ ಗುಳಿಗೆಗಳ ಬಗ್ಗೆ ಎಚ್ಚರ. ಮಿಠಾಯಿ ಎಂದು ಮಕ್ಕಳು ಬಾಯಿಗೆ ಹಾಕಿಕೊಂಡಾರು. ಅದರ ಆವಿ ಹಿಡಿದ ಬಟ್ಟೆ ಕೆಲವು ಎಳೆಗೂಸುಗಳ ರಕ್ತಕಣಗಳನ್ನೇ ಒಡೆಯಬಲ್ಲದು. ಕೂಸಿನ ಬಟ್ಟೆಗೆ ಬಳಸುವ ನೂಲಿನ ಹತ್ತಿರ ಅದು ಸುಳಿಯಕೂಡದು.

ಮೂರನೆಯ ವಾರ: ಉಳಿಕೆಗೆ ಒಂದು ರೂಪ

ಉಳಿಕೆ ನೂಲಿನಿಂದ ಹೆಣೆಯುವವರು ಸಾಮಾನ್ಯವಾಗಿ ಮಾದರಿ ಮೊದಲು ಆರಿಸಿ ಆಮೇಲೆ ನೂಲು ಸಾಲದೆ ಹೊಸದು ಕೊಳ್ಳುತ್ತಾರೆ. ಆ ಹೊಸದರಲ್ಲಿ ಮತ್ತೆ ಉಳಿಯುತ್ತದೆ. ಈ ಚಕ್ರವನ್ನು ತುಂಡರಿಸಬೇಕಾದರೆ ಕ್ರಮವನ್ನು ತಿರುಗಿಸಿ: ಮೊದಲು ತೂಕ, ಆಮೇಲೆ ಮಾದರಿ.

ಚೌಕದ ಹೊದಿಕೆ. 15 ಸೆಂಟಿಮೀಟರಿನ ಚೌಕಗಳು ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48. ಜೋಡಿಸಿದರೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಹೊದಿಕೆ, ಒಂದು ಮಗುವಿಗೆ ಸಾಕು. ಎಲ್ಲ ಸಾಲೂ ಸೀದಾ ಹೆಣಿಗೆ. ಮೊದಲ ಚೌಕ ಮುಗಿಸಿ ತೂಗಿರಿ. 10 ಗ್ರಾಂ ಬಂದರೆ ಒಟ್ಟು 480 ಗ್ರಾಂ ಬೇಕು, ಜೋಡಿಸಲು ಸ್ವಲ್ಪ ಹೆಚ್ಚು. ನಿಮ್ಮಲ್ಲಿ 200 ಗ್ರಾಂ ಮಾತ್ರ ಇದ್ದರೆ ಚಿಂತೆ ಬೇಡ, 20 ಚೌಕ ಮಾಡಿ. ಉಳಿದ 28ನ್ನು ನೆರೆಯ ಎರಡು ಮನೆಯವರು ಮಾಡಲಿ. ಕಿರು ಕ್ರೈಸ್ತ ಸಮುದಾಯದ ಸಭೆಗೆ ಎಲ್ಲರೂ ತಮ್ಮ ಚೌಕ ತಂದು ಒಟ್ಟಿಗೆ ಕೂತು ಜೋಡಿಸಲಿ. ನೂಲಿನ ದಪ್ಪ ಮತ್ತು ಚೌಕದ ಅಳತೆ ಒಂದೇ ಇರಬೇಕೆಂಬುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಸಾಲಿನ ಲೆಕ್ಕ. ಉಂಡೆ ಮುಗಿಯುತ್ತಾ ಬಂದಾಗ ಇನ್ನೊಂದು ಸಾಲು ಆದೀತೇ ಎಂಬ ಅನುಮಾನ ಬರುತ್ತದೆ. ಹೆಣಿಗೆಯ ಅಗಲದ ನಾಲ್ಕರಷ್ಟು ನೂಲು ಉಳಿದಿದ್ದರೆ ಧೈರ್ಯವಾಗಿ ಹೆಣೆಯಿರಿ. ಅದಕ್ಕಿಂತ ಕಡಿಮೆ ಇದ್ದರೆ ಅಂಚಿನಲ್ಲೇ ಹೊಸ ಬಣ್ಣ ಸೇರಿಸಿರಿ. ನಡುವೆ ಗಂಟು ಹಾಕಬೇಡಿ.

ಹಳೆಯ ಸ್ವೆಟರ್. ಮೊಣಕೈ ಹರಿದ ಸ್ವೆಟರಿನಲ್ಲಿ ಬೆನ್ನು, ಎದೆ ಚೆನ್ನಾಗಿಯೇ ಇರುತ್ತದೆ. ಮೊದಲು ಪಕ್ಕದ ಹೊಲಿಗೆ ಬಿಡಿಸಿ, ಹೆಣಿಗೆ ಮುಗಿಸಿದ ತುದಿಯಿಂದ ಎಳೆಯುತ್ತಾ ಬಂದರೆ ನೂಲು ಸಲೀಸಾಗಿ ಬರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಲಡಿ ಮಾಡಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆ ಮಾಡಿ ಅದ್ದಿಡಿ. ಉಣ್ಣೆಯನ್ನು ಉಜ್ಜಬಾರದು, ಹಿಂಡಬಾರದು, ಕುದಿನೀರು ತೋರಿಸಬಾರದು. ಮೂರರಿಂದಲೂ ಅದು ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆದು, ನೆರಳಲ್ಲಿ ತೂಗುಹಾಕಿ, ಕೆಳಗೆ ಸಣ್ಣ ಭಾರ ಕಟ್ಟಿರಿ. ಒಣಗುವಾಗ ಸುರುಳಿ ಬಿಟ್ಟು ನೂಲು ನೆಟ್ಟಗಾಗುತ್ತದೆ.

ರೇಷ್ಮೆಯ ತುಂಡು. ಮೊಳಕಾಲ್ಮುರಿನ ಕಡೆಯ ಸಹೋದರಿಯರಿಗೆ ಇದು ಹೊಸದಲ್ಲ. ಗೇಣುದ್ದದ ರೇಷ್ಮೆ ಎಳೆಗಳು ಸೆರಗಿನ ಕುಚ್ಚಿಗೆ ಸಾಕು. ಬಣ್ಣ ಹೊಂದಿಸಿ ಕ್ರೋಶಾ ಕಡ್ಡಿಯಿಂದ ಕುಚ್ಚು ಕಟ್ಟುವುದನ್ನು ಕಲಿತ ಹೆಣ್ಣುಮಗಳು ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸಬಲ್ಲಳು. ಬಲ್ಲವರು ಧರ್ಮಕೇಂದ್ರದ ಮಹಿಳಾ ಸಂಘದಲ್ಲಿ ಒಂದಿಬ್ಬರಿಗೆ ಇದನ್ನು ಹೇಳಿಕೊಟ್ಟರೆ ಅದು ಹೊದಿಕೆ ಕೊಟ್ಟದ್ದಕ್ಕಿಂತಲೂ ದೊಡ್ಡ ಕೊಡುಗೆ.

ಒರಟು ಕಂಬಳಿ ನೂಲು. ಇದು ಮೈಗೆ ಚುಚ್ಚುತ್ತದೆ, ಸ್ವೆಟರಿಗೆ ಒಗ್ಗದು. ಕೂರುವ ಚಾಪೆ, ಕೈಚೀಲ, ಬಿಸಿ ಪಾತ್ರೆಯ ಹಿಡಿಕೆಗೆ ಇದಕ್ಕಿಂತ ಉತ್ತಮವಾದದ್ದಿಲ್ಲ.

ನಾಲ್ಕನೆಯ ವಾರ: ಕೊಡುವುದು

ಲೂಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಮಾತೆ ಮರಿಯಮ್ಮನವರು ಹುಟ್ಟಿದ ಕಂದನನ್ನು ಬಟ್ಟೆಯಲ್ಲಿ ಸುತ್ತಿದರು ಎಂದು ಓದುತ್ತೇವೆ. ಲೋಕೋದ್ಧಾರಕನಿಗೆ ಮನುಷ್ಯರು ಮಾಡಿದ ಮೊದಲ ಸೇವೆ ಅದು: ಬೆಚ್ಚಗಿಡುವುದು.

ಹುಟ್ಟಿದ ಮಗುವಿಗೆ ಶೀತ ಎಂದರೆ ಸಣ್ಣ ವಿಷಯವಲ್ಲ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಮೈ ಬಿಸಿ ಉಳಿಸಿಕೊಳ್ಳುವ ಶಕ್ತಿ ಕಡಿಮೆ, ಮೈಗೆ ಹೋಲಿಸಿದರೆ ತಲೆ ದೊಡ್ಡದು. ತಲೆಯಿಂದಲೇ ಬಹಳ ಶಾಖ ಹೋಗುತ್ತದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ವೈದ್ಯರಾದ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಯಂತ್ರಗಳು ಸಾಲದಾದಾಗ ಕೂಸನ್ನು ತಾಯಿಯ ಎದೆಗೇ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ಕ್ರಮ ಆರಂಭಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಇದನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ಅದಕ್ಕೆ ಬೇಕಾದದ್ದು ತಾಯಿಯ ಎದೆ, ಒಂದು ಬಟ್ಟೆ, ಕೂಸಿನ ತಲೆಗೊಂದು ಟೋಪಿ. ಟೋಪಿ ನಿಮ್ಮ ಡಬ್ಬಿಯಲ್ಲೇ ಇದೆ!

ತುಂಬು ತಿಂಗಳ ಕೂಸಿನ ತಲೆಯ ಸುತ್ತಳತೆ ಸುಮಾರು 33ರಿಂದ 35 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಟೋಪಿಯ ಸುತ್ತು 30 ಸೆಂ.ಮೀ. ಸಾಕು. ಮಾದರಿ ತುಂಡಿನಲ್ಲಿ 10 ಸೆಂ.ಮೀ.ಗೆ 24 ಕುಣಿಕೆ ಬಂದರೆ 30ಕ್ಕೆ 72 ಕುಣಿಕೆ ಹಾಕಿರಿ. ಮೃದುವಾದ ಹತ್ತಿ ಅಥವಾ ಕೂಸಿನ ನೂಲೇ ಆಗಿರಲಿ. ಕೆನ್ನೆಗೆ ಉಜ್ಜಿ ನೋಡಿ, ಚುಚ್ಚಿದರೆ ಬೇಡ. ದಾರ, ಗುಂಡಿ, ಚೆಂಡು, ಮಣಿ ಯಾವುದೂ ಬೇಡ. ಕುತ್ತಿಗೆಗೆ ಸುತ್ತಿಕೊಳ್ಳುವ, ಬಾಯಿಗೆ ಹೋಗುವ ಅಪಾಯವಿದೆ. ತೊಳೆದು, ಬಿಸಿಲಲ್ಲಿ ಒಣಗಿಸಿ, ಶುದ್ಧ ಚೀಲದಲ್ಲಿಡಿ. ಹೆಣೆಯುವ ಮೊದಲೇ ಹತ್ತಿರದ ಆಸ್ಪತ್ರೆಯ ದಾದಿಯರನ್ನು ಕೇಳಿ: ಬೇಕೇ, ಯಾವ ಅಳತೆ, ಎಷ್ಟು? ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಅವರೇ ನಿರ್ಧರಿಸಲಿ.

ಕೇಳಿ ಕೊಡುವುದು ಕೊಡುವುದರ ಮೊದಲ ಮರ್ಯಾದೆ. ನಮಗೆ ಬೇಡವಾದದ್ದನ್ನು ಬಡವರ ಮನೆಗೆ ದಾಟಿಸಿ ಪೆಟ್ಟಿಗೆ ಖಾಲಿ ಮಾಡಿಕೊಳ್ಳುವುದು ಪ್ರೀತಿಯಲ್ಲ. ನಿಮ್ಮ ಮಗುವಿಗೆ ತೊಡಿಸಲು ಹಿಂಜರಿಯುವ ಟೋಪಿಯನ್ನು ಬೇರೆಯವರ ಮಗುವಿಗೆ ಕೊಡಬೇಡಿ.

ಕುರಿಗಾಹಿಗೆ ಏನು ಕೊಡೋಣ?

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಡಿಸೆಂಬರ್ ರಾತ್ರಿಗಳಲ್ಲಿ ಬಯಲಲ್ಲಿ ಕುರಿ ಹಟ್ಟಿಯ ಪಕ್ಕ ಮಲಗುವವರನ್ನು ನಾವು ಕಾಣುತ್ತೇವೆ. ಬೆತ್ಲೆಹೇಮಿನ ಕುರುಬರ ಕಥೆ ನಮಗೆ ದೂರದ ಚಿತ್ರವಲ್ಲ. ಅವರಿಗೆ ಅಕ್ರಿಲಿಕ್ ಚೌಕದ ಹೊದಿಕೆ ಹೆಣೆದು ಕೊಡೋಣವೇ?

ಯೋಚಿಸಿ. ಬಯಲಿನ ಇಬ್ಬನಿ, ಮುಳ್ಳು, ಮಳೆ ಹನಿ ತಡೆಯುವುದು ಕಂಬಳಿಯೇ ಹೊರತು ನಮ್ಮ ಹೆಣಿಗೆಯಲ್ಲ. ಕಡಿಮೆ ಬೆಲೆಯ ಗಿರಣಿ ಹೊದಿಕೆಗಳು ಬಂದ ಮೇಲೆ ಕಂಬಳಿ ನೇಕಾರರ ಮಗ್ಗಗಳು ಒಂದೊಂದಾಗಿ ನಿಂತಿವೆ. ಎಷ್ಟೋ ಕಡೆ ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಎಸೆಯುತ್ತಾರೆ. ನಾವು ಇನ್ನೊಂದು ಅಕ್ರಿಲಿಕ್ ಹೊದಿಕೆ ಹಂಚಿದರೆ ಆ ಗಾಯಕ್ಕೆ ಮದ್ದು ಹಚ್ಚಿದಂತಾಗದು. ಮೂರು ನಾಲ್ಕು ಕುಟುಂಬಗಳು ಸೇರಿ ಚಳ್ಳಕೆರೆಯ ನೇಕಾರರಿಂದ ನ್ಯಾಯವಾದ ಬೆಲೆಗೆ, ಚೌಕಾಸಿ ಮಾಡದೆ, ಒಂದು ಕಂಬಳಿ ಕೊಂಡು ಅಗತ್ಯವಿದ್ದವರಿಗೆ ಕೊಟ್ಟರೆ ಒಂದೇ ಕೆಲಸದಿಂದ ಇಬ್ಬರಿಗೆ ಬೆಚ್ಚಗಾಗುತ್ತದೆ. ಈ ವರ್ಷ ಹೊಸ ಉಣ್ಣೆ ಕೊಳ್ಳದೆ ಉಳಿಸಿದ ಹಣ ಇದಕ್ಕೇ ಆಗಲಿ.

ವಿಮೋಚನಕಾಂಡ 22:26-27ರಲ್ಲಿ ಒಂದು ನಿಯಮವಿದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕು. ರಾತ್ರಿ ಅವನಿಗೆ ಬೇರೆ ಹೊದಿಕೆ ಇಲ್ಲ. ಅವನು ಮೊರೆಯಿಟ್ಟರೆ ದೇವರು ಆಲಿಸುತ್ತಾರೆ. ಒಬ್ಬ ಬಡವನ ಒಂದು ರಾತ್ರಿಯ ಚಳಿ ದೇವರ ನ್ಯಾಯಶಾಸ್ತ್ರದಲ್ಲಿ ದಾಖಲಾಗಿದೆ!

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇವೆ. ಪ್ರತಿ ವರ್ಷ ಜನವರಿ 21ರ ಸಂತ ಆಗ್ನೆಸರ ಹಬ್ಬದ ಸಂದರ್ಭದಲ್ಲಿ ರೋಮ್‌ನಲ್ಲಿ ಎರಡು ಕುರಿಮರಿಗಳನ್ನು ಆಶೀರ್ವದಿಸುವ ಸಂಪ್ರದಾಯವಿದೆ. ಅವುಗಳ ಉಣ್ಣೆಯನ್ನೂ ಬಳಸಿ ಸನ್ಯಾಸಿನಿಯರು 'ಪಾಲಿಯಮ್' ಎಂಬ ಬಿಳಿ ಪಟ್ಟಿಗಳನ್ನು ನೇಯುತ್ತಾರೆ. ಜೂನ್ 29ರ ಸಂತ ಪೇತ್ರ ಪೌಲರ ಹಬ್ಬದಂದು ಅವುಗಳನ್ನು ಆಶೀರ್ವದಿಸಿ ಹೊಸ ಮಹಾಧರ್ಮಾಧ್ಯಕ್ಷರಿಗೆ ಕೊಡಲಾಗುತ್ತದೆ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಹೆಗಲ ಮೇಲೂ ಅಂಥದ್ದೇ ಪಟ್ಟಿ ಇರುತ್ತದೆ. ಕಳೆದುಹೋದ ಕುರಿಯನ್ನು ಹೆಗಲಿಗೇರಿಸಿಕೊಂಡ ಕುರುಬನ ಗುರುತು ಅದು. ಧರ್ಮಸಭೆ ತನ್ನ ಹಿರಿಯರ ಹೆಗಲಿಗೆ ಚಿನ್ನವನ್ನಲ್ಲ, ಉಣ್ಣೆಯನ್ನು ಆರಿಸಿತು. ನಮ್ಮ ಕೈಗೂ ಅದೇ ಉಣ್ಣೆ ಬಂದಿದೆ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ "ಯಾವತ್ತಾದರೂ ಬೇಕಾಗುತ್ತದೆ" ಎಂದು ಇಟ್ಟಿರುವ ವಸ್ತುಗಳು ಯಾವುವು? ಅವುಗಳಲ್ಲಿ ಯಾವುದು ಇಂದೇ ಇನ್ನೊಬ್ಬರಿಗೆ ಬೇಕಾಗಿದೆ?

2. ತಾಯಿಯ ಕೆಲಸಕ್ಕೆ ನಮ್ಮ ಮನೆಯಲ್ಲಿ ಖಚಿತವಾದ ಜಾಗ, ಸಮಯ ಇದೆಯೇ? ಇಲ್ಲವಾದರೆ ಯಾರು ಏನನ್ನು ಬಿಟ್ಟುಕೊಡಬಹುದು?

3. ಕೊಡುವ ಮೊದಲು ಕೇಳುತ್ತೇವೆಯೇ? ನಮ್ಮ ಸುತ್ತಲಿನ ನೇಕಾರರಿಂದ, ನೂಲುವವರಿಂದ ನ್ಯಾಯವಾದ ಬೆಲೆಗೆ ಕೊಳ್ಳುತ್ತೇವೆಯೇ?

ಈ ಆಗಮನ ಕಾಲದ ಸಂಕಲ್ಪ: ಪೆಟ್ಟಿಗೆಯಲ್ಲಿರುವ ನೂಲು ಮುಗಿಯುವ ತನಕ ಹೊಸದನ್ನು ಕೊಳ್ಳುವುದಿಲ್ಲ. ಕ್ರಿಸ್ತಜಯಂತಿಯೊಳಗೆ ಒಂದಾದರೂ ಕೆಲಸವನ್ನು ಪೂರ್ತಿ ಮಾಡಿ, ಬೇಕಾದವರ ಕೈಗೆ ಮುಟ್ಟಿಸುತ್ತೇವೆ.

ಪ್ರಾರ್ಥನೆ: ದಯಾಮಯ ತಂದೆಯೇ, ಕುರಿಗೆ ಉಣ್ಣೆಯನ್ನೂ ನಮ್ಮ ಬೆರಳುಗಳಿಗೆ ಕುಶಲತೆಯನ್ನೂ ಕೊಟ್ಟವರು ನೀವು. ಕೂಡಿಡುವ ಭಯವನ್ನು ನಮ್ಮಿಂದ ತೆಗೆಯಿರಿ. ಆರಂಭಿಸಿದ್ದನ್ನು ಮುಗಿಸುವ ತಾಳ್ಮೆ ಕೊಡಿರಿ. ಗುಂಡಿಮಗ್ಗದಲ್ಲಿ ಕುಳಿತವರನ್ನೂ, ಬಯಲಲ್ಲಿ ಮಲಗಿದವರನ್ನೂ, ಈ ರಾತ್ರಿ ಹುಟ್ಟುವ ಕೂಸುಗಳನ್ನೂ ನಿಮ್ಮ ಹೊದಿಕೆಯಲ್ಲಿ ಕಾಪಾಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.